ನನ್ನ ಪ್ಲಾಸ್ಟಿಕ್ ರೋಬೋ: ಗುಣ-ದೋಷ

ಬೆಂಗಳೂರಿನಿಂದ ಮಾವ ತಂದ ಡಬ್ಬಿಯಲ್ಲಿ ಇದ್ದದ್ದು ಬರೀ ಬಿಡಿಭಾಗಗಳು. ಇಂಥ ರೋಬೋಗಳು 1980ರಲ್ಲಿ ಗುಂಡಮ್ ಮಾದರಿ ಬಂದ ಮೇಲೆ ಜಪಾನಿನಲ್ಲಿ ಮನೆಮಾತಾದವಂತೆ. ಚಿತ್ರ ನೋಡಿಕೊಂಡು, ಅಂಟು ಹಾಕದೆ, ಒಂದೊಂದೇ ಸಿಕ್ಕಿಸಿ ನಾನೇ ಜೋಡಿಸಿದೆ. ಮೊಣಕೈ, ಮಂಡಿ ಮಡಚುತ್ತೆ, ಭುಜ ಸುತ್ತಲೂ ತಿರುಗುತ್ತೆ. ಪಾಠದಲ್ಲಿ ಓದಿದ ಬಿಜಾಗರಿ ಕೀಲು ಕೈಯಲ್ಲೇ ಅರ್ಥವಾಯ್ತು. ಇದು ಗುಣ.

ದೋಷವೂ ಇದೆ. ಆಡಿದಷ್ಟೂ ಕೀಲು ಸವೆದು ಸಡಿಲವಾಗುತ್ತೆ. ತಂಗಿ ಆಡುವಾಗ ಒಂದು ಕೈ ಮುರಿದೇಹೋಯ್ತು. ಅಂಗಡಿಯಲ್ಲಿ ಬರೀ ಕೈ ಸಿಗಲಿಲ್ಲ. ಸಣ್ಣ ಚೂರುಗಳನ್ನು ಮಗು ನುಂಗಿದರೆ ಅಪಾಯ ಬೇರೆ.

ನಮ್ಮ ಚನ್ನಪಟ್ಟಣದ ಗೊಂಬೆ ಆಲೆಮರದ್ದು, ಅರಗಿನ ಬಣ್ಣದ್ದು. ಅದು ಹೀಗೆ ಮಡಚಲ್ಲ. ಆದರೆ ಮುರಿದರೆ ಕಡೆದು ಕೊಡುವವರು ಹತ್ತಿರದಲ್ಲೇ ಇದ್ದಾರೆ. ಅಲ್ಲೇ ಕಡೆಸಿ ತಂದ ಮರದ ಕೈ ಈಗ ನನ್ನ ರೋಬೋಗಿದೆ!

ಗೆಳೆಯರೇ, ಆಟಿಕೆ ಕೊಳ್ಳುವ ಮೊದಲು ಒಂದು ಮಾತು ಕೇಳಿ: ಮುರಿದರೆ ಯಾರು ಸರಿ ಮಾಡ್ತಾರೆ?

— 7ನೇ ತರಗತಿ, ಕಬ್ಬಾಳು