ನಾಲ್ಕು ರಾತ್ರಿ, ಮೂರು ಮನೆ

ನಮ್ಮ ಮನೆ ಕಂಪಲಾಪುರದಲ್ಲಿ ಮೈಸೂರು-ಮಡಿಕೇರಿ ರಸ್ತೆಗೇ ಮುಖ ಮಾಡಿಕೊಂಡಿದೆ. ಮುಂದೆ ದಿನಸಿ ಅಂಗಡಿ, ಹಿಂದೆ ಮನೆ. ಶುಕ್ರವಾರ ಸಂಜೆಯಾಯಿತೆಂದರೆ ಬೆಂಗಳೂರಿನ ಕಾರುಗಳು ಒಂದರ ಹಿಂದೊಂದು ಕೊಡಗಿನ ಕಡೆ ಹೋಗುತ್ತವೆ. ಭಾನುವಾರ ಸಂಜೆ ಅವೇ ಕಾರುಗಳು ಕೆಸರು ಮೆತ್ತಿಕೊಂಡು ಹಿಂದಿರುಗುತ್ತವೆ. ಮದುವೆಯಾಗಿ ಈ ಮನೆಗೆ ಬಂದ ಇಪ್ಪತ್ತಮೂರು ವರ್ಷಗಳಲ್ಲಿ ಆ ಪ್ರವಾಸಿಗರಿಗೆ ನೀರಿನ ಬಾಟಲಿ ಕೊಟ್ಟಿದ್ದೇವೆ, ದಾರಿ ಹೇಳಿದ್ದೇವೆ, ವಾಂತಿ ಮಾಡಿಕೊಂಡ ಮಕ್ಕಳಿಗೆ ನಿಂಬೆಹಣ್ಣು ಕೊಟ್ಟಿದ್ದೇವೆ. ಅವರು ಹೋಗುವ ಕಡೆಗೆ ನಾವು ಮಾತ್ರ ಒಮ್ಮೆಯೂ ಹೋಗಿರಲಿಲ್ಲ.

ಹಾಗೆಂದು ನಾನು ಊರು ಬಿಟ್ಟು ಕದಲದವಳೇನಲ್ಲ. "ಅಮ್ಮಿ, ನೀನು ಎಷ್ಟು ಊರು ನೋಡಿದ್ದೀಯಾ?" ಎಂದು ಮಗಳು ಒಂದು ದಿನ ಕೇಳಿದಾಗ ಬೆರಳು ಮಡಚಿ ಎಣಿಸಿದೆ. ಹುಣಸೂರು ನನ್ನ ತವರು. ಕೆ.ಆರ್. ನಗರದಲ್ಲಿ ದೊಡ್ಡ ನಾದಿನಿ, ಚಾಮರಾಜನಗರದಲ್ಲಿ ಚಿಕ್ಕವಳು, ಮಂಡ್ಯದಲ್ಲಿ ಅಣ್ಣ. ಒಂದೋ ಮದುವೆಗೆ ಹೋಗಿದ್ದೇನೆ, ಇಲ್ಲ ಬಾಣಂತನಕ್ಕೆ, ಇಲ್ಲ ಮಯ್ಯತ್ತಿಗೆ. ಹೋದ ಕಡೆಯೆಲ್ಲ ಬುರ್ಖಾ ತೆಗೆದು ಗೂಟಕ್ಕೆ ಹಾಕಿ ಅಡುಗೆಮನೆ ಸೇರಿದ್ದೇನೆ. ಊರುಗಳ ಬಗ್ಗೆ ಕೇಳಿದರೆ ಯಾವ ಮನೆಯಲ್ಲಿ ಈರುಳ್ಳಿ ಬುಟ್ಟಿ ಎಲ್ಲಿದೆ ಎಂದು ಹೇಳಬಲ್ಲೆ, ಅಷ್ಟೆ.

ಮಗಳ ಮದುವೆ ಡಿಸೆಂಬರಿಗೆ ಎಂದು ನಿಶ್ಚಯವಾಗಿತ್ತು. ಈ ಬೇಸಿಗೆ ರಜೆ ನಾವು ಐವರೂ ಜೊತೆಗಿರುವ ಕೊನೆಯ ರಜೆ. ಈದ್ ಮುಗಿದು ಮೂರು ವಾರಕ್ಕೆ ಹೊರಡುವುದೆಂದಾಯಿತು. ಮಡಿಕೇರಿಯ ಹತ್ತಿರ ಎರಡು ರಾತ್ರಿ, ಸಕಲೇಶಪುರದ ಕಡೆ ಒಂದು, ಚಿಕ್ಕಮಗಳೂರಿನಲ್ಲಿ ಒಂದು. ಎಲ್ಲ ಕಡೆ ಹೋಂಸ್ಟೇ, ಬಾಡಿಗೆ ಮನೆ.

ಮೊದಲು ಕೇಳಿದ ಮನೆ ಸಿಗಲಿಲ್ಲ. ಇವರು ಫೋನ್ ಮಾಡಿದಾಗ ಆ ಕಡೆಯವರು ಬಾಡಿಗೆ ಹೇಳಿದರು, ಎಷ್ಟು ಜನ ಎಂದು ಕೇಳಿದರು, ಕೊನೆಗೆ ಹೆಸರು ಕೇಳಿದರು. ಹೆಸರು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ದಿನ ಖಾಲಿ ಇಲ್ಲ" ಎಂದರು. ಅರ್ಧ ಗಂಟೆಯ ನಂತರ ಮಗನ ಸ್ನೇಹಿತನೊಬ್ಬ ತನ್ನ ಹೆಸರಿನಲ್ಲಿ ಕೇಳಿದ. ಖಾಲಿ ಇತ್ತು. ಮಗ ಸಿಟ್ಟಿನಲ್ಲಿ ಅದನ್ನು ಬಂದು ಹೇಳಿದಾಗ ಇವರು ಏನೂ ಮಾತಾಡದೆ ಗಿರಾಕಿಗೆ ಸಕ್ಕರೆ ತೂಗಿದರು. ಅರ್ಧ ಕಿಲೋ ಕೇಳಿದವರಿಗೆ ಒಂದು ಕಿಲೋ ತೂಗಿ ಮತ್ತೆ ವಾಪಸು ಸುರಿದರು. ಬೇರೆ ಮನೆ ಸಿಕ್ಕಿತು, ಸಂತೋಷದಿಂದಲೇ ಕೊಟ್ಟರು. ಆದರೆ ಆಮೇಲೆ ಪ್ರತಿ ಸಲವೂ ಇವರು ಮೊದಲು ಹೆಸರು ಹೇಳಿ ಆಮೇಲೆ ಬಾಡಿಗೆ ಕೇಳಿದರು.

ಹೊರಡುವ ದಿನ ಕಾರಿನ ಡಿಕ್ಕಿಯಲ್ಲಿ ಬಟ್ಟೆಗಿಂತ ಪಾತ್ರೆಗಳೇ ಹೆಚ್ಚಿದ್ದವು. ಎರಡು ಕುಕ್ಕರ್, ತವಾ, ಬಾಣಲೆ, ತಟ್ಟೆಗಳು, ಅರೆದ ಮಸಾಲೆ, ಐಸ್ ಡಬ್ಬಿಯಲ್ಲಿ ಮಾಂಸ. ಇದು ಅತ್ತೆಯವರ ಆಜ್ಞೆ. ಕೊಡಗಿನಲ್ಲಿ ಹಂದಿಮಾಂಸದ ಅಡುಗೆ ಸಾಮಾನ್ಯ, ಅಲ್ಲಿನ ಪಾತ್ರೆ ಮುಟ್ಟುವುದು ಬೇಡ ಎಂದರು. ಬೇರೆಯವರ ಪಾತ್ರೆಗಳ ವಿಷಯವನ್ನು ಸಹಾಬಿಯೊಬ್ಬರು ಪ್ರವಾದಿ(ಸ)ಯವರಲ್ಲಿ ಕೇಳಿದ್ದರು, ಬೇರೆ ಪಾತ್ರೆ ಸಿಗದಿದ್ದರೆ ತೊಳೆದು ಬಳಸಿ ಎಂಬ ಅನುಮತಿ ಇದೆ ಎಂದು ಮಗಳು ತಾನು ಓದಿದ್ದನ್ನು ಹೇಳಿದಳು. "ನಮಗೆ ಸಿಗುತ್ತದಲ್ಲ, ಡಿಕ್ಕಿ ಖಾಲಿ ಇದೆ" ಎಂದರು ಅತ್ತೆ. ವಾದದಲ್ಲಿ ಅವರನ್ನು ಗೆದ್ದವರಿಲ್ಲ.

ಪಿರಿಯಾಪಟ್ಟಣ ದಾಟಿದ ಮೇಲೆ ಇನ್ನೊಂದು ಚರ್ಚೆ. ಮಡಿಕೇರಿ ನಮ್ಮೂರಿಂದ ಸುಮಾರು 60 ಕಿ.ಮೀ. ಹನಫಿ ಉಲಮಾಗಳ ಲೆಕ್ಕದಲ್ಲಿ 48 ಮೈಲಿ, ಅಂದರೆ ಸುಮಾರು 77 ಕಿ.ಮೀ. ದೂರದ ಪಯಣವಾದರೆ ಮಾತ್ರ ಕಸ್ರ್. ಹಾಗಾದರೆ ಮಡಿಕೇರಿಯಲ್ಲಿ ಝುಹರ್ ಎರಡು ರಕಅತೋ ನಾಲ್ಕೋ? ನಾವು ಹೊರಟದ್ದೇ ಚಿಕ್ಕಮಗಳೂರಿನವರೆಗಿನ ನಿಯ್ಯತ್ತಿನಿಂದ, ಆದ್ದರಿಂದ ಊರ ಗಡಿ ದಾಟಿದಾಗಲೇ ಮುಸಾಫಿರರಾದೆವು ಎಂದು ಇವರು ಹೇಳಿದರು. ಸ್ಥಳೀಯ ಇಮಾಮರ ಹಿಂದೆ ನಿಂತರೆ ಪೂರ್ತಿ ನಾಲ್ಕು. ಫಜ್ರ್ ಮತ್ತು ಮಗ್ರಿಬ್‌ಗೆ ಕಡಿತವೇ ಇಲ್ಲ. ಒಂದೇ ಊರಿನಲ್ಲಿ ಹದಿನೈದು ದಿನ ನಿಲ್ಲುವ ನಿಯ್ಯತ್ತು ಮಾಡಿದರೆ ಅಲ್ಲಿನವರ ಹಾಗೆ ಪೂರ್ತಿ ನಮಾಝ್. ಅಷ್ಟರಲ್ಲಿ ಬೈಲಕುಪ್ಪೆ ಬಂತು. 1961ರಲ್ಲಿ ಟಿಬೆಟಿಯನ್ನರು ಇಲ್ಲಿಗೆ ಬಂದು ನೆಲೆಸಿದಾಗ ಅತ್ತೆ ಇನ್ನೂ ಚಿಕ್ಕ ಹುಡುಗಿ. ಕಾಡು ಕಡಿದು ಜೋಳ ಬಿತ್ತಿದರು ಎಂದು ಅವರ ಅಬ್ಬಾ ಹೇಳುತ್ತಿದ್ದರಂತೆ. "ಅರವತ್ತು ವರ್ಷ ದಾಟಿದರೂ ಅವರು ಮುಸಾಫಿರರೇ ಅಲ್ಲವಾ ದಾದಿ, ನಿಯ್ಯತ್ತು ವಾಪಸು ಹೋಗುವುದೇ ಆಗಿದ್ದರೆ?" ಎಂದ ಮಗ. ಅತ್ತೆ ಉತ್ತರ ಹೇಳಲಿಲ್ಲ. ಕಿಟಕಿಯಿಂದ ಆ ಬಣ್ಣದ ಪತಾಕೆಗಳನ್ನು ನೋಡುತ್ತ ಕುಳಿತರು. ಕಾವೇರಿ ಸೇತುವೆ ದಾಟಿ ಕುಶಾಲನಗರಕ್ಕೆ ಬಂದಾಗ, "ಇದರಿಂದ ಆಚೆಗೆ ನಾನು ಬಂದಿಲ್ಲ" ಎಂದರು.

ಮಡಿಕೇರಿಯ ಮನೆ ಕಾಫಿ ತೋಟದ ನಡುವೆ ಇತ್ತು. ಹೆಂಚಿನ ಮಾಡು, ಎರಡು ಕೋಣೆ, ಗ್ಯಾಸ್ ಒಲೆ ಇರುವ ಅಡುಗೆಮನೆ. ದಿನಕ್ಕೆ 3,500 ರೂಪಾಯಿ. ಕೀಲಿಕೈ ಕೈಗೆ ಬಂದಾಗ ವಿಚಿತ್ರವೆನಿಸಿತು. ಇದು ತವರೂ ಅಲ್ಲ, ಅತ್ತೆಮನೆಯೂ ಅಲ್ಲ. ಇಲ್ಲಿ ನಾನು ಯಾರ ಮಗಳೂ ಅಲ್ಲ, ಸೊಸೆಯೂ ಅಲ್ಲ. ಆ ಖುಷಿ ಇದ್ದದ್ದು ಕುಕ್ಕರ್ ಇಳಿಸುವವರೆಗೆ. ಆಮೇಲೆ ಐವರ ಊಟ, ಸಂಜೆಯ ಚಹಾ, ರಾತ್ರಿಯ ಸಾಲನ್, ಪಾತ್ರೆ. ಗುರುತಿಲ್ಲದ ಒಲೆಯಲ್ಲಿ ಚಪಾತಿ ಕರಿದವು, ಉಪ್ಪಿನ ಡಬ್ಬಿ ಮನೆಯಲ್ಲೇ ಉಳಿದಿತ್ತು. ಮಕ್ಕಳು ಮತ್ತು ಇವರು ರಾಜಾಸೀಟ್‌ಗೆ ಹೋಗಿ ಸೂರ್ಯಾಸ್ತ ನೋಡಿ ಬಂದು, "ಅಮ್ಮಿ, ನೀನು ಬರಬೇಕಿತ್ತು" ಎಂದರು. ನಾನು ಆಗ ಖೀಮಾ ತಿರುಗಿಸುತ್ತಿದ್ದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಸಿಂಕಿನ ಮುಂದೆ ನಿಂತು ಅತ್ತೆ, ಹೌದು, ಅತ್ತೆ. ಮಗಳ ಜೊತೆಗಿನ ಕೊನೆಯ ರಜೆಯಲ್ಲೂ ಅವಳ ಬೆನ್ನನ್ನೇ ನೋಡಿದೆನಲ್ಲ ಎನಿಸಿತು.

ಮರುದಿನ ಬೆಳಗ್ಗೆ ನಾನು ಒಲೆ ಹಚ್ಚಲಿಲ್ಲ. ಫಜ್ರ್ ಮುಗಿಸಿ ಹೊರಗಿನ ಕಟ್ಟೆಯ ಮೇಲೆ ಕುಳಿತೆ. "ಇವತ್ತು ನನ್ನಿಂದ ಆಗುವುದಿಲ್ಲ" ಎಂದೆ. ಒಳಗೆ ಸದ್ದಿಲ್ಲ. ಅತ್ತೆ ಏನನ್ನುತ್ತಾರೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಬಂದು ಪಕ್ಕದಲ್ಲಿ ಕುಳಿತು ಮಗನನ್ನು ಕರೆದರು. "ಮೊಟ್ಟೆ ಇದೆ, ಬ್ರೆಡ್ ಇದೆ. ಅಂಗಡಿಯಲ್ಲಿ ಮಾರುತ್ತೀಯಲ್ಲ, ಬೇಯಿಸುವುದೂ ಗೊತ್ತಿರಬೇಕು." ಇವರು ಮಾಡಿದ ಆಮ್ಲೆಟ್‌ನ ಅಂಚು ಸುಟ್ಟಿತ್ತು, ನಡು ಹಸಿಯಾಗಿತ್ತು. ಯಾರೂ ದೂರು ಹೇಳಲಿಲ್ಲ. ಆ ದಿನ ಅಬ್ಬಿ ಜಲಪಾತಕ್ಕೆ ಐವರೂ ಹೋದೆವು. ಏಪ್ರಿಲ್‌ನಲ್ಲಿ ಅಲ್ಲಿ ನೀರು ಕಡಿಮೆ. ಪ್ರವಾಸಿಗರು ಬೇಸರ ಮಾಡಿಕೊಳ್ಳುತ್ತಿದ್ದರು, ನಮಗೆ ಅಷ್ಟೇ ಬೇಕಾದಷ್ಟಾಯಿತು. ಅತ್ತೆ ಮಗಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದರು.

ಮಡಿಕೇರಿಯಿಂದ ಸೋಮವಾರಪೇಟೆಯ ರಸ್ತೆ ಮಕ್ಕಂದೂರಿನ ಮೇಲೆ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ-ತೋಟಗಳು ಕೊಚ್ಚಿಹೋದ ಕಡೆ ಇದು. ಆಗ ನಮ್ಮ ಅಂಗಡಿಯಿಂದಲೂ ಎರಡು ಮೂಟೆ ಅಕ್ಕಿ ಈ ಕಡೆಗೆ ಬಂದಿತ್ತು. ಸಕಲೇಶಪುರದ ಸಮೀಪ ಮಂಜರಾಬಾದ್ ಕೋಟೆ ಹತ್ತಿದೆವು. ಟಿಪ್ಪು ಸುಲ್ತಾನರು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರದ ಕೋಟೆ. ಒಳಗೆ ನಿಂತರೆ ನಕ್ಷತ್ರ ಕಾಣುವುದೇ ಇಲ್ಲ, ಬರೀ ಗೋಡೆ. ಆಕಾರ ನೋಡಬೇಕಾದರೆ ಮೇಲಿನಿಂದ ನೋಡಬೇಕು.

ಅಂದಿನ ಮನೆಯಲ್ಲಿ ಮಾಲೀಕರೂ ಇದ್ದರು. ಆ ಮನೆಯ ಅಕ್ಕನಿಗೆ ಐವತ್ತೈದು ಇರಬಹುದು. ನಾವು ಪಾತ್ರೆ ಇಳಿಸುವುದನ್ನು ನೋಡಿ ಅವರು ನಕ್ಕರು. "ಇದೆಲ್ಲ ಯಾಕೆ ತಂದ್ರಿ? ನಿಮ್ಮವರು ಬಂದಾಗಂತಲೇ ನಾನು ಬೇರೆ ಪಾತ್ರೆ ಇಟ್ಟಿದೀನಿ. ಅದರಲ್ಲಿ ಬರೀ ತರಕಾರಿ ಮಾಡೋದು." ಕಪಾಟು ತೆರೆದು ತೋರಿಸಿದರು. ಅತ್ತೆ ಆ ಪಾತ್ರೆಗಳನ್ನು ನೋಡಿದರು, ನನ್ನನ್ನು ನೋಡಿದರು, "ಡಿಕ್ಕಿ ಮುಚ್ಚು" ಎಂದು ಮೊಮ್ಮಗನಿಗೆ ಹೇಳಿದರು.

ಆ ರಾತ್ರಿ ನಾನು ಬಡಿಸಿದ್ದನ್ನು ಉಂಡೆ. ನನ್ನ ಕೈಯ ಅಡುಗೆಯಲ್ಲ, ನಾದಿನಿಯದೂ ಅಲ್ಲ. ಕಡುಬು, ತರಕಾರಿ ಸಾರು. ಅಲ್‌ಹಮ್ದುಲಿಲ್ಲಾಹ್, ಎಷ್ಟು ವರ್ಷವಾಗಿತ್ತೋ! ಊಟದ ನಂತರ ಆ ಅಕ್ಕ ಮಾತಿಗೆ ಕುಳಿತರು. 2001-02ರ ಸುಮಾರಿಗೆ ಕಾಫಿ ಬೆಲೆ ನೆಲಕಚ್ಚಿದಾಗ ಸಾಲ ತೀರಿಸಲು ಎರಡು ಕೋಣೆ ಬಾಡಿಗೆಗೆ ಕೊಡಲು ಶುರುಮಾಡಿದರಂತೆ. ಇಟಲಿಯ ರೈತರೂ ಹೀಗೆ ಮನೆ ಕೊಡುತ್ತಾರೆ, ಅದಕ್ಕೆ ಅಲ್ಲಿ 1985ರಲ್ಲೇ ಕಾನೂನು ಮಾಡಿದ್ದಾರೆ ಎಂದು ಮಗಳು ಫೋನಿನಲ್ಲಿ ಓದಿ ಹೇಳಿದಳು. "ಅಲ್ಲಿ ಪಾತ್ರೆ ತೊಳೆಯೋರು ಯಾರಂತೆ?" ಎಂದು ಅಕ್ಕ ಕೇಳಿದರು. ಅದು ಫೋನಿನಲ್ಲಿರಲಿಲ್ಲ. "ಘಟ್ಟ ಇಳಿದ್ರೆ ಮಂಗಳೂರು. ನಾನು ಸಮುದ್ರ ನೋಡಿ ಹದಿನಾಲ್ಕು ವರ್ಷ ಆಯ್ತು. ಊರಿಗೆಲ್ಲ ರಜೆ ಬಂದ್ರೆ ನಮ್ಮ ಮನೆ ತುಂಬ ಜನ" ಎಂದು ಅವರು ಲೋಟಗಳನ್ನು ಎತ್ತಿಕೊಂಡು ಎದ್ದರು.

ನನಗೆ ನಿದ್ದೆ ಬರಲಿಲ್ಲ. ಬೆಳಗಿನ ಐದಕ್ಕೆ ಅವರು ರೊಟ್ಟಿ ತಟ್ಟುವ ಸದ್ದು ಗೋಡೆಯಾಚೆ ಕೇಳುತ್ತಿತ್ತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತಮೂರು ವರ್ಷ ಅದನ್ನು ಮಾಡಿದವಳು ನಾನು, ಮಲಗಿ ಕೇಳಿದ್ದು ಅಂದೇ ಮೊದಲು. ಫಜ್ರ್ ಮುಗಿಸಿ ಹೋಗಿ ನೋಡಿದರೆ ಅತ್ತೆ ಆಗಲೇ ಹಿತ್ತಲಲ್ಲಿ ಕುಳಿತು ರಾತ್ರಿಯ ತಟ್ಟೆಗಳನ್ನು ತೊಳೆಯುತ್ತಿದ್ದರು. "ಬೇಡ ಅಮ್ಮಾ, ನೀವು ನೆಂಟರಲ್ವಾ" ಎಂದು ಅಕ್ಕ ಬೇಡಿಕೊಳ್ಳುತ್ತಿದ್ದರು. ಮಗ ಕಣ್ಣುಜ್ಜುತ್ತ ಬಂದು, "ದಾದಿ, ದುಡ್ಡು ಕೊಟ್ಟಿದ್ದೇವಲ್ಲ" ಎಂದ.

"ದುಡ್ಡು ಕೊಟ್ಟಿದ್ದು ಹಾಸಿಗೆಗೆ ಮಗಾ. ಇವಳ ಸೊಂಟಕ್ಕೂ ಕೊಟ್ಟಿದ್ದೀಯಾ?"

ಅವನು ಪಕ್ಕದಲ್ಲಿ ಕುಳಿತು ಲೋಟ ತೊಳೆದ. ನಾನು ಎರಡು ರೊಟ್ಟಿ ತಟ್ಟಿದೆ, ಚೆನ್ನಾಗಿ ಬರಲಿಲ್ಲ, ಅಕ್ಕ ನಕ್ಕರು. ರಜೆ ಹಾಳಾಯಿತೆಂದು ಅನಿಸಲಿಲ್ಲ. ಮೊದಲ ದಿನ ಸಿಂಕಿನ ಮುಂದೆ ಬಂದ ಅಳು ಇಲ್ಲಿ ಯಾಕೆ ಬರಲಿಲ್ಲವೆಂದು ನಾನು ಇಂದಿಗೂ ಯೋಚಿಸುತ್ತೇನೆ.

ಚಿಕ್ಕಮಗಳೂರಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹಝ್ರತ್ ಬಾಬಾಬುಡನ್ ಹಜ್ಜ್ ಮುಗಿಸಿ ಬರುವಾಗ ಯಮನ್‌ನಿಂದ ಏಳು ಕಾಫಿ ಬೀಜ ತಂದು ಈ ಗುಡ್ಡಗಳಲ್ಲಿ ಬಿತ್ತಿದರೆಂಬ ಕಥೆಯನ್ನು ಇವರು ಮಕ್ಕಳಿಗೆ ಹೇಳಿದರು. ನಾವು ದಾಟಿ ಬಂದ ಅಷ್ಟೂ ತೋಟಗಳಿಗೆ ಒಬ್ಬ ಮುಸಾಫಿರನ ಜೋಳಿಗೆ ಮೂಲವೆಂದು ಮಗಳಿಗೆ ಖುಷಿಯಾಯಿತು. ಅಂದಿನ ಮನೆಯಲ್ಲಿ ಯಾರೂ ಇರಲಿಲ್ಲ. ಬೀಗದ ನಂಬರು ಫೋನಿಗೆ ಬಂತು, ಅಷ್ಟೆ. ಬಿಳಿ ಗೋಡೆ, ಬಿಳಿ ಹಾಸಿಗೆ. ಅತ್ತೆ ಹೊಸ್ತಿಲಲ್ಲಿ ನಿಂತುಬಿಟ್ಟರು. "ಯಾರಿಗೆ ಸಲಾಮ್ ಹೇಳಿ ಒಳಗೆ ಬರಲಿ?" ಖಾಲಿ ಮನೆಗೆ ಹೋಗುವಾಗ ನಮಗೂ ಅಲ್ಲಾಹನ ಸಜ್ಜನ ದಾಸರಿಗೂ ಸಲಾಮ್ ಹೇಳಿಕೊಳ್ಳುವ ಕ್ರಮವಿದೆಯಲ್ಲ, ಅದನ್ನು ಹೇಳಿಯೇ ಒಳಗೆ ಬಂದರು. ಆ ಮನೆಯಲ್ಲಿ ಅಡುಗೆ ಮಾಡಿದ್ದು ಮಗಳು ಮತ್ತು ಅವಳ ಅಬ್ಬಾ. ಕುಷ್ಕಾ ಮುದ್ದೆಯಾಗಿತ್ತು. ನಾನು ಮತ್ತು ಅತ್ತೆ ಕಿಟಕಿಯ ಬಳಿ ಕುಳಿತು ಮಳೆ ನೋಡಿದೆವು. ತಮ್ಮ ಮದುವೆಯಾದ ವರ್ಷ ಕೊಡಗಿಗೆ ಕರೆದುಕೊಂಡು ಹೋಗುತ್ತೇನೆಂದು ಮಾವನವರು ಹೇಳಿದ್ದರಂತೆ. ಅದನ್ನು ಅತ್ತೆ ನನಗೆ ಮೊದಲ ಸಲ ಹೇಳಿದರು.

ಹಾಸನ, ಅರಕಲಗೂಡು, ರಾಮನಾಥಪುರ, ಬೆಟ್ಟದಪುರದ ದಾರಿಯಲ್ಲಿ ಹಿಂದಿರುಗಿದೆವು. ಹೊಗೆಸೊಪ್ಪಿನ ಸಸಿಮಡಿಗಳಿಗೆ ಹೆಂಗಸರು ನೀರು ಹಾಕುತ್ತಿದ್ದರು, ಬ್ಯಾರನ್‌ಗಳು ಮುಚ್ಚಿದ್ದವು. ಊರು ಸೇರಿದಾಗ ಇಶಾದ ಹೊತ್ತು. ಪೂರ್ತಿ ನಾಲ್ಕು ರಕಅತ್.

ಮುಂದಿನ ಶುಕ್ರವಾರ ಸಂಜೆ ಅಂಗಡಿಯ ಮುಂದೆ ಒಂದು ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡ ಹೆಂಗಸು, ಕಾಲಬಳಿ ಕುಕ್ಕರಿನ ಹಿಡಿ ಕಾಣುತ್ತಿತ್ತು. ಅತ್ತೆ ನೀರಿನ ಬಾಟಲಿಯನ್ನು ತಾವೇ ತೆಗೆದುಕೊಂಡು ಹೋಗಿ ಕಿಟಕಿಯಲ್ಲಿ ಕೊಟ್ಟರು. ತಮ್ಮ ಹರುಕು ಮುರುಕು ಕನ್ನಡದಲ್ಲಿ ಆಕೆಯನ್ನು ಕೇಳಿದರು:

"ಅಲ್ಲಿ ಅಡುಗೆ ಯಾರು ಮಾಡ್ತಾರಮ್ಮಾ?"