ಉಕ್ಕಿನ ಗಾಲಿ ಸೋತದ್ದೇಕೆ?

ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಘರ್ಷಣೆ ಬಹಳ ಕಡಿಮೆ. ಡಾಂಬರಿನ ಮೇಲೆ ರಬ್ಬರ್ ಟಯರು ಉರುಳುವಾಗ ಅದು ಹಲವು ಪಟ್ಟು ಹೆಚ್ಚು. ಹೈಸ್ಕೂಲು ವಿದ್ಯಾರ್ಥಿಗೂ ತಿಳಿದ ಈ ಸತ್ಯದಂತೆ ದೂರದ ಸರಕೆಲ್ಲ ರೈಲಿನಲ್ಲೇ ಸಾಗಬೇಕಿತ್ತು. ಆದರೆ 1950-51ರಲ್ಲಿ ದೇಶದ ಸರಕು ಸಾಗಣೆಯ ಶೇ. 80ಕ್ಕೂ ಹೆಚ್ಚು ಪಾಲು ಪಡೆದಿದ್ದ ರೈಲಿಗೆ ಇಂದು ಮೂರನೆಯ ಒಂದು ಪಾಲೂ ಉಳಿದಿಲ್ಲ.

ಲಾರಿ ಅಂಗಡಿಯ ಬಾಗಿಲಿಗೇ ಬರುತ್ತದೆ. ಹತ್ತು ಮೂಟೆಗೂ ಹೊರಡುತ್ತದೆ. ಅದು ನ್ಯಾಯವಾಗಿ ಗಳಿಸಿದ ಗೆಲುವು. ಇನ್ನೊಂದು ಅನುಕೂಲ ಮಾತ್ರ ಸರ್ಕಾರದ ಲೆಕ್ಕಪತ್ರದಲ್ಲಿ ಅಡಗಿದೆ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಎಂಜಿನಿಯರುಗಳು ಪರೀಕ್ಷಾ ರಸ್ತೆಗಳಲ್ಲಿ ಲಾರಿಗಳನ್ನು ಓಡಿಸಿ ಸವೆತವನ್ನು ಅಳೆದರು. ಗಾಲಿಯ ಅಚ್ಚು, ಅಂದರೆ ಆಕ್ಸಲ್, ಹೊರುವ ಭಾರ ಎರಡು ಪಟ್ಟಾದರೆ ಸವೆತ ಸುಮಾರು 16 ಪಟ್ಟಾಗುತ್ತದೆಂದು ತಿಳಿಯಿತು. ಭಾರದ ನಾಲ್ಕನೆಯ ಘಾತದ ಲೆಕ್ಕವಿದು. 1 ಟನ್ನಿನ ಅಚ್ಚಿಗಿಂತ 10 ಟನ್ನಿನದು ಮಾಡುವ ಹಾನಿ 10,000 ಪಟ್ಟು! ಆದರೆ 2008ರ ಹೆದ್ದಾರಿ ಶುಲ್ಕ ನಿಯಮಗಳಲ್ಲಿ ಕಿಲೋಮೀಟರಿಗೆ ಕಾರಿನ ಮೂಲದರ 65 ಪೈಸೆಯಾದರೆ ಲಾರಿಯದು 2 ರೂಪಾಯಿ 20 ಪೈಸೆ. 2018ರಲ್ಲಿ ಅಚ್ಚಿನ ಭಾರದ ಮಿತಿ 10.2 ಟನ್ನಿನಿಂದ 11.5 ಟನ್ನಿಗೇರಿತು. ಏರಿದ ಭಾರ ಸುಮಾರು ಶೇ. 13, ಸೂತ್ರದಂತೆ ಸವೆತ ಸುಮಾರು ಶೇ. 60! ಮಕ್ಕಳೇ ಲೆಕ್ಕ ಹಾಕಿ ನೋಡಬಹುದು.

ಈ ವ್ಯತ್ಯಾಸ ತುಂಬುವವರು ಯಾರು? 2000ದ ಕೇಂದ್ರ ರಸ್ತೆ ನಿಧಿ ಕಾಯಿದೆಯಂತೆ ಪೆಟ್ರೋಲಿನ ಸೆಸ್ಸೂ ರಸ್ತೆಗಳಿಗೆ ಹರಿಯಿತು. ಅಂದರೆ ಮಗನನ್ನು ಶಾಲೆಗೆ ಬಿಡುವ ಸ್ಕೂಟರಿನ ತಂದೆಯೂ ಲಾರಿಯ ಸವೆತಕ್ಕೆ ಪಾಲು ಕೊಡುತ್ತಾನೆ. ಅದೇ ಲಾರಿಯ ಹೊಗೆಯನ್ನು ಇಬ್ಬರೂ ಕುಡಿಯುತ್ತಾರೆ.

ರೈಲಿನ ಪಾಡು ಬೇರೆ. ತನ್ನ ಹಳಿ, ಸೇತುವೆ, ಸಿಗ್ನಲ್ಲುಗಳ ದುರಸ್ತಿಯನ್ನು ಅದು ತನ್ನ ಗಳಿಕೆಯಿಂದಲೇ ನೋಡಿಕೊಳ್ಳಬೇಕು. ಪ್ರಯಾಣಿಕರ ಅಗ್ಗದ ಟಿಕೆಟಿನ ನಷ್ಟವನ್ನೂ ಸರಕಿನ ಬಾಡಿಗೆಯೇ ತುಂಬಬೇಕು. ಹೀಗೆ ಬಾಡಿಗೆ ಏರುತ್ತದೆ. ಸಿಮೆಂಟಿನ ಮೂಟೆ ರೈಲಿಳಿದು ಲಾರಿ ಹತ್ತುತ್ತದೆ. ಬಡವರ ಟಿಕೆಟು ಅಗ್ಗವಾಗಿಯೇ ಇರಲಿ. ಆದರೆ ಆ ಹೊರೆಯನ್ನು ಹೊರಬೇಕಾದದ್ದು ದೇಶದ ಬೊಕ್ಕಸ, ಸಿಮೆಂಟಿನ ಮೂಟೆಯಲ್ಲ.

ರೈಲೂ ಲಾರಿಯೂ ಹುಟ್ಟುವೈರಿಗಳೇನಲ್ಲ. ಕೊಂಕಣ ರೈಲ್ವೆ 1999ರಲ್ಲಿ ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೇರಿಸಿ ಸಾಗಿಸತೊಡಗಿತು. ದೂರದ ದಾರಿಗೆ ಉಕ್ಕಿನ ಗಾಲಿ, ಮನೆಬಾಗಿಲಿಗೆ ರಬ್ಬರಿನ ಗಾಲಿ. ಪ್ರತಿಯೊಂದೂ ತಾನು ಮಾಡುವ ವೆಚ್ಚವನ್ನು ತಾನೇ ಭರಿಸುವಂತಾದರೆ, ಯಾವುದು ಎಲ್ಲಿ ಓಡಬೇಕೆಂಬುದನ್ನು ಲೆಕ್ಕವೇ ಹೇಳುತ್ತದೆ.