ಮಲ್ಪೆಯಲ್ಲಿ ಎರಡು ದಿನ, ಡಬ್ಬಿಯಲ್ಲಿ ರವೆ ಕೇಕ್

ಪ್ರವಾಸವೆಂದರೆ ಹೆಂಗಸರಿಗೆ ಒಲೆಯ ಜಾಗ ಬದಲಾಗುವುದಷ್ಟೇ ಎಂದು ನಿಮಗೂ ಅನಿಸಿದ್ದುಂಟೇ? ನನ್ನ ಅತ್ತೆ ಎಲ್ಲಿಗೆ ಹೋದರೂ ಅಡುಗೆಯಲ್ಲೇ ಮುಳುಗಿರುತ್ತಿದ್ದರು. ಹಾಗಾಗಿ ಈ ಸಲ ಮಲ್ಪೆಗೆ ಸ್ಟವ್ ಒಯ್ಯಲಿಲ್ಲ. ಹಿಂದಿನ ರಾತ್ರಿಯೇ ಕೇಕ್ ಮಾಡಿಟ್ಟೆ.

ನೀವೂ ಮಾಡಬಹುದು. ಒಂದು ಕಪ್ ಸಣ್ಣ ರವೆ, ಒಂದು ಕಪ್ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ ಕಲಸಿ ಅರ್ಧ ಗಂಟೆ ಬಿಡಿ. ಅರ್ಧ ಚಮಚ ಅಡುಗೆ ಸೋಡಾ, ಏಲಕ್ಕಿ ಪುಡಿ ಬೆರೆಸಿ, ಎಣ್ಣೆ ಸವರಿದ ಪಾತ್ರೆಗೆ ಸುರಿಯಿರಿ. ಕುಕ್ಕರಿಗೆ ನೀರು ಬೇಡ. ತಳಕ್ಕೆ ಉಪ್ಪು ಹರವಿ ಬಿಸಿ ಮಾಡಿ, ಪಾತ್ರೆಯಿಟ್ಟು ಸಣ್ಣ ಉರಿಯಲ್ಲಿ ಸುಮಾರು 40 ನಿಮಿಷ ಬೇಯಿಸಿ. ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆದಿಡಲು ಮರೆಯಬೇಡಿ. ನನ್ನದು ತಳದಲ್ಲಿ ತುಸು ಕಂದಿತ್ತು, ಯಾರೂ ದೂರಲಿಲ್ಲ.

ಬೆಳಿಗ್ಗೆ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಮಳೆಗಾಲದಲ್ಲಿ ಬೋಟಿಲ್ಲ, ನೆನಪಿರಲಿ. ಅಲ್ಲಿನ ಮೂಲೆಮೂಲೆಯ ಕಲ್ಲುಕಂಬಗಳು ಲಾವಾ ಆರಿ, ಕುಗ್ಗಿ, ಬಿರಿದು ಆದವು ಎಂದರೆ ಮಕ್ಕಳು ನಂಬಲೇ ಇಲ್ಲ.

ಮೊಣಕಾಲು ನೋವಿನ ಅತ್ತೆ ದಡದಲ್ಲೇ ಉಳಿದಿದ್ದರು. ನಾನೂ ಉಳಿಯುತ್ತೇನೆಂದಾಗ ಗದರಿ ಕಳಿಸಿದ್ದರು. ಮನಸ್ಸು ಅಳುಕುತ್ತಲೇ ಇತ್ತು. ಮರಳಿದಾಗ ನೋಡಿದರೆ, ಸೀರೆಯಂಚು ಒದ್ದೆಯಾಗಿಸಿಕೊಂಡು ಅಲೆಯಲ್ಲಿ ನಿಂತಿದ್ದಾರೆ! ಕೇಕಿನ ಡಬ್ಬಿ ಅರ್ಧ ಖಾಲಿ.

"ಬಲೆ ಹೆಣೆಯುವವರಿಗೂ ಕೊಟ್ಟೆ. ನಾಳೆಯೂ ಇಲ್ಲೇ ಇರೋಣ" ಎಂದರು.